ಚಾಪೆಯಡಿ ಬಾಗಿದವನು

ಮೊದಲ ಕಲ್ಲು ಚಾಪೆಯ ಮೇಲೆ ಬಿತ್ತು. ಎರಡನೆಯದು ಅದರಡಿ ಬಾಗಿ ಕುಳಿತವನ ತಲೆಗೇ ತಾಗಿತು. ಅವನು ಅಲುಗಲಿಲ್ಲ. ಹೆಣಿಗೆಯ ಸಂದಿನಿಂದ ರಕ್ತ ಜಿನುಗಿತು...

ಮೂರು ದಿನಗಳ ಹಿಂದೆ ಲೂಪೆಯ ಗಂಡ ಕತ್ತಿ ಬೀಸಿ ಅವಳ ಎಡಗೈಯ ಎರಡು ಬೆರಳುಗಳನ್ನು ಕಡಿದಿದ್ದ. ಈ ಬೆಳಿಗ್ಗೆ ಗಂಡನ ಮನೆಯ ಪರವಾಗಿ ಒಬ್ಬನು ಲೂಪೆಯ ತವರಿಗೆ ಬಂದು, ಕ್ಷಮೆ ಬೇಡುವ ದ್ವೀಪದ ಪದ್ಧತಿಯಂತೆ ಚಾಪೆ ಹೊದ್ದು ಮಂಡಿಯೂರಿದ್ದ. ತವರಿನವರು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಅವನ ಜೀವಕ್ಕೆ ಖಾತರಿಯಿಲ್ಲ.

ಎತ್ತಿದರೆ ಲೂಪೆಯನ್ನು ಮತ್ತೆ ಅದೇ ಮನೆಗೆ ಕಳಿಸಿಬಿಡುತ್ತಾರೇನೋ! ಮಸೀನಾಳಿಗೆ ಅದೇ ಭಯ. ರಾಜಧಾನಿ ಅಪಿಯಾದ ಆಪ್ತಸಮಾಲೋಚನಾ ಕೇಂದ್ರದ ಸ್ವಯಂಸೇವಕಿಯಾದ ಅವಳು ಎಂಟು ವಾರಗಳಿಂದ ಲೂಪೆಯ ನೋವನ್ನು ಕೇಳುತ್ತಿದ್ದಳು. ಗಾಯಗೊಂಡು ತವರು ಸೇರಿದ್ದ ಲೂಪೆಯನ್ನು ನೋಡಲೆಂದೇ ಈಗ ಬಂದಿದ್ದಳು.

ಲೂಪೆಯ ಅಣ್ಣ ಕತ್ತಿ ಹಿಡಿದು ಅಂಗಳಕ್ಕಿಳಿದ. ಮಸೀನಾ ಅಡ್ಡ ನಿಂತಳು. ನೂಕಾಟದಲ್ಲಿ ಚಾಪೆಯ ಅಂಚು ಸರಿದು ಮುಖ ಕಂಡಿತು.

ಸೆಫೋ!

ಅದೇ ಕೇಂದ್ರದ ಸ್ವಯಂಸೇವಕ. ಅವಳು ಹೇಳದೆ ಪ್ರೀತಿಸುತ್ತಿದ್ದವನು. ನೆರವು ಕೇಳಿ ಬಂದವರ ಹೆಸರನ್ನು ತಮ್ಮತಮ್ಮಲ್ಲೂ ಆಡಬಾರದೆಂಬುದು ಕೇಂದ್ರದ ನಿಯಮ. ಲೂಪೆ ಅವನ ಅತ್ತಿಗೆಯೆಂದು ಅವಳಿಗೆ ತಿಳಿದಿರಲೇ ಇಲ್ಲ.

“ಹೆಂಡ್ತಿ ಕೈ ಕಡಿದೋನಿಗೋಸ್ಕರ ಮಂಡಿ ಊರ್ತೀಯಾ? ಥೂ, ನಾಚ್ಕೆ ಆಗಲ್ವಾ ನಿಂಗೆ?” ಎಂದು ಮಸೀನಾ ಸಿಡಿದಳು.

“ಅವ್ನನ್ನ ನಾನೇ ಪೊಲೀಸರಿಗೆ ಒಪ್ಪಿಸಿದೀನಿ,” ಎಂದ ಸೆಫೋ. “ನಾನು ಬಂದಿರೋದು ನನ್ನ ತಪ್ಪಿಗೆ. ಗೋಡೆಯಾಚೆ ಏಟಿನ ಸದ್ದು ಕೇಳ್ತಾ ಎರಡು ತಿಂಗಳು ಸುಮ್ನೆ ಮಲಗಿದ್ದೆ.”

ಮಸೀನಾಳಿಗೆ ಆಗ ನೆನಪಾಯಿತು. ನೆರೆಮನೆಯವನು ಹೆಂಡತಿಯನ್ನು ಹೊಡೆಯುತ್ತಾನೆ, ಏನು ಮಾಡಲಿ ಎಂದು ಸೆಫೋ ತನ್ನನ್ನು ಒಮ್ಮೆ ಕೇಳಿದ್ದ. ಆ ಹೆಂಗಸೇ ನೆರವು ಕೇಳುವ ತನಕ ನಡುವೆ ಹೋಗಬೇಡ, ಅಪಾಯ ಹೆಚ್ಚುತ್ತದೆ ಎಂದು ತರಬೇತಿಯ ಪಾಠವನ್ನು ಮಸೀನಾಳೇ ಒಪ್ಪಿಸಿದ್ದಳು.

“ಸುಮ್ನಿರು ಅಂದೋಳು ನಾನಲ್ವಾ...”

“ನೆರೆಮನೆ ಅಂತ ಸುಳ್ಳು ಹೇಳಿದೋನು ನಾನು. ನಿನ್ನ ಹೆಸರು ಇಲ್ಲಿ ಬರಬಾರ್ದು, ಹೋಗು.”

ಅವಳು ಹೋಗಲಿಲ್ಲ. ಅವನ ಪಕ್ಕದಲ್ಲಿ ಮಂಡಿಯೂರಿ ಚಾಪೆಯನ್ನು ತನ್ನ ತಲೆಯ ಮೇಲೂ ಎಳೆದುಕೊಂಡಳು. ತನ್ನ ಸಲಹೆಯೂ ತಪ್ಪಾಗಿತ್ತೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಣ್ಣನ ಕತ್ತಿ ಮೇಲೆದ್ದಿತ್ತು.

ಥಟ್ಟನೆ ಬೆಳಕು ಬಿತ್ತು. ಚಾಪೆಯನ್ನು ಎಳೆದೊಗೆದವಳು ಲೂಪೆ, ಬ್ಯಾಂಡೇಜಿಲ್ಲದ ಕೈಯಿಂದ.

“ಕತ್ತಿ ಕೆಳಗಿಡು ಅಣ್ಣ. ಇವರಿಬ್ರನ್ನೂ ಕ್ಷಮಿಸಿದೀನಿ. ಆದ್ರೆ ಆ ಮನೆಗೆ ಹೋಗಲ್ಲ, ಕೇಸನ್ನೂ ಬಿಡಲ್ಲ.”

ಅಣ್ಣನ ಕೈ ಮೆಲ್ಲನೆ ಇಳಿಯಿತು.

ಮಸೀನಾ ತನ್ನ ಮೇಲುವಸ್ತ್ರದ ಅಂಚನ್ನು ಹರಿದು ಸೆಫೋನ ಗಾಯಕ್ಕೆ ಒತ್ತಿದಳು. “ಇನ್ನೇನು ಮುಚ್ಚಿಟ್ಟಿದೀಯ ನನ್ನಿಂದ?”

“ಒಂದಿದೆ... ಒಂಬತ್ತು ತಿಂಗಳಿಂದ ನಿನ್ನನ್ನ ಪ್ರೀತಿಸ್ತಿದೀನಿ.”

“ಅದನ್ನ ಮುಚ್ಚಿಟ್ಟಿದ್ಯಾ? ಕೇಂದ್ರದ ಅಡುಗೆಯವ್ಳಿಗೂ ಗೊತ್ತು.” ಅವಳ ಕಣ್ಣು ತುಂಬಿತ್ತು. “ತಲೆ ಅಲ್ಲಾಡಿಸ್ಬೇಡ. ರಕ್ತ ಇನ್ನೂ ನಿಂತಿಲ್ಲ.”