ಸುನಯನಾ ಸೋತ ಊರುಗಳು

"ಸರ್, ಸುನಯನಾ ಸೋತದ್ದೂ ಅದರಿ. ಎಂಬತ್ನಾಲ್ಕು ಸಲ."

ಎದ್ದು ನಿಂತು ಹೀಗೆ ಹೇಳಿದವಳು ಫರ್ಹೀನ. ಎರಡು ವರ್ಷದಿಂದ ಮಹಾಮಾಯಾಳ ಪಕ್ಕದಲ್ಲೇ ಕೂರುವ ಗೆಳತಿ. ಚಾರ್ಟು ಹಿಡಿದು ಎಲ್ಲರ ಮುಂದೆ ನಿಂತಿದ್ದ ಮಹಾಮಾಯಾಳ ಕಿವಿ ಬಿಸಿಯಾಯಿತು.

ಐದನೇ ಕ್ಲಾಸಿನವರೆಲ್ಲ ಮೆಚ್ಚಿನ ಆಟಗಾರರ ಚಾರ್ಟು ಬರೆದು ತಂದಿದ್ದರು. ಎಲ್ಲರದೂ ಕ್ರಿಕೆಟ್. ಟೆನಿಸ್ ಬಾಲ್ ಇರುವುದೇ ಕ್ರಿಕೆಟ್ ಆಡುವುದಕ್ಕೆ ಎಂದು ಭಾಲ್ಕಿಯ ಮಕ್ಕಳು ನಂಬಿದ್ದಾರೆ. ಮಹಾಮಾಯಾಳದೊಂದೇ ಟೆನಿಸ್ ಚಾರ್ಟು. ಸುನಯನಾ ಮೋಹಿತೆ ಗೆದ್ದ ಅರವತ್ತೊಂದು ಮ್ಯಾಚುಗಳನ್ನು ಊರು, ತಾರೀಖು, ಸ್ಕೋರು ಸಮೇತ ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಳು. "ಒಂದೂ ಸೋತಿಲ್ಲರಿ" ಎಂದು ಈಗಷ್ಟೇ ಹೇಳಿ ಮುಗಿಸಿದ್ದಳು.

"ಅಬ್ಬಾನ ಮೊಬೈಲ್‌ನ್ಯಾಗ ನೋಡೀನ್ರಿ ಸರ್," ಎಂದಳು ಫರ್ಹೀನ.

"ಸುಳ್ಳರಿ," ಎಂದಳು ಮಹಾಮಾಯಾ. "ಅಕಿ ಸುಳ್ಳ ಹೇಳ್ತಾಳ್ರಿ."

ಕ್ಲಾಸಿಗೆ ಕ್ಲಾಸೇ ಫರ್ಹೀನಳನ್ನು ನೋಡಿ ನಕ್ಕಿತು. ಶಿವಕಾಂತ ಸರ್, "ಸಾಕು. ನಾಳಿ ಗ್ವಾಡಿಗಿ ಹಚ್ಚೂಣು. ಮತ್ತೊಮ್ಮಿ ನೋಡ್ಕೊಂಡು ಬರ್ರಿ," ಎಂದರು. ಫರ್ಹೀನ ಬ್ಯಾಗು ಎತ್ತಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು.

ಸುಳ್ಳು ಹೇಳಿದವಳು ಯಾರೆಂದು ಮಹಾಮಾಯಾಳಿಗೆ ಚೆನ್ನಾಗಿ ಗೊತ್ತಿತ್ತು. ಅವ್ವನ ಮೊಬೈಲ್ ನೋಡಿ ಬರೆದುಕೊಳ್ಳುವಾಗ, ಸೋತ ಸಾಲು ಬಂದರೆ ಸಾಕು, ಸರ್ರನೆ ಬೆರಳಿನಿಂದ ಮೇಲೆ ತಳ್ಳಿಬಿಡುತ್ತಿದ್ದಳು.

ಸುನಯನಾ ಅವಳಿಗೆ ಸಿಕ್ಕಿದ್ದು ಬೀದರಿನಲ್ಲಿ, ಅಜ್ಜಿ ಅನುಸೂಯಾಬಾಯಿಯ ಮನೆಯ ಕಪಾಟಿಗೆ ಹಾಸಿದ್ದ ಹಳೆ ಪೇಪರಿನಲ್ಲಿ. ಫೋಟೋದಲ್ಲಿ ರಾಕೆಟ್ ಎತ್ತಿ ನಿಂತ ಒಬ್ಬ ಅಕ್ಕ. ಕಾಲಡಿ ಕೆಂಪು ಮಣ್ಣು, ಸಾಕ್ಸ್ ತುಂಬ ಕೆಂಪು ಧೂಳು. ಅಜ್ಜಿಯ ಅಂಗಳದಲ್ಲಿ ಆಡಿದರೆ ಮಹಾಮಾಯಾಳ ಸಾಕ್ಸೂ ಹಾಗೇ ಆಗುತ್ತದೆ. ಇವಳು ಬೀದರಿನಲ್ಲೇ ಎಲ್ಲೋ ಆಡುತ್ತಿದ್ದಾಳೆ ಎಂದು ಎರಡು ದಿನ ಓಣಿ ಓಣಿ ಹುಡುಕಿದ್ದಳು. ಅದು ನೈರೋಬಿ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಆ ಫೋಟೋ ಭಾಲ್ಕಿಯ ಮನೆಯ ಗೋಡೆ ಸೇರಿ, ಸುನಯನಾ ಮನೆಯವಳೇ ಆಗಿಬಿಟ್ಟಿದ್ದಳು. ಮನೆಯವರು ಸೋತದ್ದನ್ನು ಯಾರಾದರೂ ಗೋಡೆಗೆ ಅಂಟಿಸುತ್ತಾರೆಯೇ?

ಸಂಜೆ ಬಸ್ ಸ್ಟ್ಯಾಂಡಿನ ಕ್ಯಾಬಿನ್ನಿನಲ್ಲಿ ಅವ್ವನ ಪಕ್ಕ ಕೂತಳು. ಅವಳ ಅವ್ವ ಮನಿಷಾ ಅಲ್ಲಿ ಕಂಟ್ರೋಲರ್. ಬಂದ ಬಸ್ಸು, ಹೋದ ಬಸ್ಸು ಎಲ್ಲವನ್ನೂ ದೊಡ್ಡ ರಿಜಿಸ್ಟರಿನಲ್ಲಿ ಬರೆಯುತ್ತಾಳೆ.

ಔರಾದದ ಬಸ್ಸು ಕಂತುವ ಬಿಸಿಲಿನಲ್ಲಿ ಧೂಳೆಬ್ಬಿಸುತ್ತ ಒಳಗೆ ಬಂತು. ಕಂಡಕ್ಟರ್ ಕಿಟಕಿಯಲ್ಲಿ ಬಗ್ಗಿ, "ಪಂಕ್ಚರ್ ಆತ್ರಿ ಮೇಡಂ," ಎಂದ. ಅವ್ವ ಗಡಿಯಾರ ನೋಡಿ ಬರೆದುಕೊಂಡಳು. ಐವತ್ತು ನಿಮಿಷ ಲೇಟು.

"ಅವ್ವಾ, ಲೇಟ್ ಆದದ್ದು ಯಾಕ ಬರೀತಿ? ಬಿಟ್ರ ಯಾರಿಗಿ ಗೊತ್ತಾಗ್ತದ?"

"ಬಿಟ್ರ ಆ ಬಸ್ಸು ಬಂದೇ ಇಲ್ಲ ಅಂದಂಗ ಆಗ್ತದ ನೋಡು. ಪಾಪ, ಟೈರ್ ಬದಲಿ ಮಾಡ್ಕೊಂಡು ಇಲ್ಲೀತನ ಬಂದದ." ಅವ್ವ ಮೈಕಿನ ಕಡೆ ತಿರುಗಿದಳು. "ಕಮಲನಗರ ಬಸ್ಸು ಎರಡನೇ ಪ್ಲಾಟ್‌ಫಾರ್ಮಿಗಿ ಬಂದದ..."

ಮಹಾಮಾಯಾ ಮಡಿಚಿದ ಚಾರ್ಟು ಬಿಡಿಸಿದಳು. ಯಾಕೋ ನೈರೋಬಿ ಎಲ್ಲಿದೆ ನೋಡಬೇಕೆನಿಸಿತು. ಮೇಲಿಂದ ಕೆಳಗೆ ಬೆರಳಾಡಿಸಿದಳು. ನೈರೋಬಿ ಇರಲೇ ಇಲ್ಲ.

ಅವ್ವನ ಮೊಬೈಲ್ ತೆಗೆದು ನೋಡಿದಳು. ಇತ್ತು: ನೈರೋಬಿ, ಮೊದಲನೇ ಮ್ಯಾಚು, ಸೋಲು. ಮುಂಜಾನೆ ಎದ್ದ ಕೂಡಲೇ ತಾನು ನೋಡುವ ಆ ಫೋಟೋ, ಆ ಕೆಂಪು ಸಾಕ್ಸು, ಎಲ್ಲ ಸೋತ ದಿನದ್ದು! ತನ್ನ ಚಾರ್ಟಿನ ಪ್ರಕಾರ ಸುನಯನಾ ಅಲ್ಲಿಗೆ ಹೋಗಿಯೇ ಇಲ್ಲ. ಮಹಾಮಾಯಾಳಿಗೆ ಅಳು ಬಂದಂತಾಯಿತು.

ಮನೆಗೆ ಬಂದವಳೇ ಹಳೆ ಕ್ಯಾಲೆಂಡರಿನ ಹಾಳೆಗಳ ಹಿಂದೆ ಸೋತ ಮ್ಯಾಚುಗಳನ್ನೂ ಬರೆಯತೊಡಗಿದಳು. ನೈರೋಬಿ ಎಂದು ಬರೆದಾಗ ಸುನಯನಾ ಸಾಕ್ಸ್ ಜಾಡಿಸಿ, ಬ್ಯಾಗು ಹೆಗಲಿಗೇರಿಸಿ, ಒಂದು ಬಸ್ಸಿನ ಕಿಟಕಿ ಪಕ್ಕ ಕೂತಂತೆ ಕಂಡಿತು. ಬಸ್ಸಿನ ಬೋರ್ಡು ಓದಲು ಬರದ ಅಕ್ಷರದಲ್ಲಿತ್ತು. ಮರುವಾರ ಅಂಟಾಲ್ಯಾ. ಅಲ್ಲೂ ಸೋಲು. ಹಿಂದಕ್ಕೆ ಓಡುವ ಮರಗಳು, ಒಂದು ಸಮುದ್ರ. ಆಮೇಲೆ ಮೊನಾಸ್ತಿರ್. ಎಲ್ಲೋ ದೂರದಲ್ಲಿ ಅವ್ವನದೇ ದನಿ ಮೈಕಿನಲ್ಲಿ ಊರುಗಳ ಹೆಸರು ಕೂಗುತ್ತಿತ್ತು. ಬಸ್ಸು ಸೋಲಾಪುರಕ್ಕೆ ಬಂತು. ಸೋಲಾಪುರ! ಇಲ್ಲೇ ಹತ್ತಿರ! ಅಲ್ಲಿ ಸುನಯನಾ ಗೆದ್ದಿದ್ದಳು, ಹಸಿರು ಸಾಲಿನಲ್ಲಿ.

ಮರುದಿನ ಆ ಹಾಳೆಗಳನ್ನೆಲ್ಲ ಕೆಳಗೆ ಅಂಟಿಸಿದ್ದ ಚಾರ್ಟನ್ನು ಕ್ಲಾಸಿನ ಗೋಡೆಗೆ ಹಚ್ಚಿದರೆ, ಅದು ಉದ್ದಕ್ಕೆ ಇಳಿದು ನೆಲ ಮುಟ್ಟಿತು.

"ಫರ್ಹೀನ ಹೇಳಿದ್ದು ಖರೇ ಅದರಿ ಸರ್," ಎಂದಳು ಮಹಾಮಾಯಾ. "ನಂಗ ಮೊದಲೇ ಗೊತ್ತಿತ್ರಿ. ಸುಳ್ಳ ಹೇಳಿದಾಕಿ ನಾನೇ."

ಈ ಸಲ ಯಾರೂ ನಗಲಿಲ್ಲ. ಫರ್ಹೀನ ಹಿಂದಿನ ಬೆಂಚಿನಿಂದ ಏಳಲೂ ಇಲ್ಲ.

ಊಟದ ಬಿಡುವಿನಲ್ಲಿ ಮಹಾಮಾಯಾ ಒಬ್ಬಳೇ ಶಾಲೆಯ ಹಿಂದಿನ ಗೋಡೆಗೆ ಬಾಲ್ ಹೊಡೆಯುತ್ತಿದ್ದಳು. ಪರೀಕ್ಷೆಯ ಪ್ಯಾಡೇ ಅವಳ ರಾಕೆಟ್. ಹಿಂದಿನಿಂದ ಫರ್ಹೀನಳ ದನಿ ಬಂತು.

"ಮೊನಾಸ್ತಿರ್‌ದಾಗ ಮೂರು ವಾರ ಸೋತಾಳ. ನಾಕನೇ ವಾರ ಮತ್ತ ಅಲ್ಲೇ ಯಾಕ ಆಡಿದಳು?"

"ಗೊತ್ತಿಲ್ಲ," ಎಂದಳು ಮಹಾಮಾಯಾ. "ನಾನೂ ಅದೇ ವಿಚಾರ ಮಾಡ್ಲಕತ್ತೀನಿ."

ಫರ್ಹೀನ ಒಂದು ಇಟ್ಟಿಗೆ ಚೂರು ಹುಡುಕಿಕೊಂಡು ಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತಳು. "ಆಡು. ನಾ ಬರೀತೀನಿ."

ಒಂದು, ಎರಡು, ಮೂರು. ನಾಲ್ಕನೆಯದು ಪ್ಯಾಡಿನ ಅಂಚಿಗೆ ತಾಗಿ ಬೇವಿನ ಮರದ ಆಚೆ ಹಾರಿತು.

"ಹೋತು," ಎಂದಳು ಫರ್ಹೀನ, ಇಟ್ಟಿಗೆ ಚೂರನ್ನು ಗೋಡೆಯ ಹತ್ತಿರ ಹಿಡಿದುಕೊಂಡೇ. "ಇದು ಬರೀಲಾ, ಬ್ಯಾಡಾ?"

"ಬರಿ," ಎಂದು ಮಹಾಮಾಯಾ ಬಾಲ್ ತರಲು ಓಡಿದಳು.