ಅರ್ಧಕ್ಕೆ ಮುಚ್ಚಿದ ಪೇಟಿ

ಎಲ್ಲರೂ ಎದ್ದು ನಿಂತರು. ಅವನೊಬ್ಬ ಏಳಲಿಲ್ಲ!

ನಾರಾಯಣಪೇಟೆಯ ಹತ್ತಿ ಗಿರಣಿಯ ಅಂಗಳ. ಹಂಪಮ್ಮ ಮಕ್ತಲದಿಂದ ಬಂದ ಗಾಡಿ ಇಳಿದು ಒಳಗೆ ಕಾಲಿಟ್ಟದ್ದೇ ತಡ, ತಾಲೀಮಿಗೆ ಕೂತ ನಟರು, ತಬಲಾದ ಖಾಸಿಂ ಸಾಬ, ಕೊನೆಗೆ ಬೀಡಿ ಸೇದುತ್ತಿದ್ದ ಪರದೆ ಎಳೆಯುವವನೂ ದಡಬಡಿಸಿ ಎದ್ದರು. ನಾಯಕಿ ಬಂದಾಗ ಏಳುವುದು ನಾಟಕ ಕಂಪನಿಯ ಮರ್ಯಾದೆ.

ಪೇಟಿ ಮಾಸ್ತರ್ ಲಿಂಗಣ್ಣ ಮಾತ್ರ ಚಾಪೆಯ ಮೇಲೆ ಕೂತೇ ಇದ್ದ. ಎರಡು ಪೆಡಲ್ ತುಳಿದು ನುಡಿಸುವ ಹಾರ್ಮೋನಿಯಂ ಆದ ಕಾಲುಪೇಟಿಯನ್ನು ಅದರ ಸ್ಟ್ಯಾಂಡಿನಿಂದ ಇಳಿಸಿ ನೆಲಕ್ಕಿಟ್ಟುಕೊಂಡು, ಮೇಲೊಂದು ಹಳೆಯ ಚೌಕಳಿ ಸೀರೆಯ ತುಂಡು ಹೊದಿಸಿದ್ದ. ಸಾಲದ್ದಕ್ಕೆ ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡಿದ್ದ... ಅದೂ ಗೆಜ್ಜೆ ಇಟ್ಟು ಪೂಜೆ ಮಾಡಿದ್ದ ಮಣೆಯ ಕಡೆಗೇ!

'ಅಬ್ಬಾ, ಸೊಕ್ಕೇ! ಇನ್ನೂ ಇಳಿದಿಲ್ಲ ಇವನಿಗೆ...' ಎಂದುಕೊಂಡಳು ಹಂಪಮ್ಮ.

"ಬರ್ರಿ ಹಂಪಮ್ಮನೋರ. ಆರಾಮ ಅದೀರಿ?" ಎಂದ ಲಿಂಗಣ್ಣ, ಕಣ್ಣು ಎತ್ತದೆ.

"ನಿಮ್ಮ ಪೇಟಿ ಆರಾಮ ಐತಿಲ್ರಿ ಮಾಸ್ತರ? ಅದು ಇದ್ರ ಸಾಕು. ಹಾಡವ್ರದ್ದೇನ್ ಐತಿ, ಇವತ್ತು ಒಬ್ರು, ನಾಳೆ ಇನ್ನೊಬ್ರು!"

ಕಂಪನಿಯ ಯಜಮಾನ ಆದೆಪ್ಪ ಓಡಿ ಬಂದ.

"ಅವ್ವಾ, ಬಿಸಿಲಾಗ ಬಂದಿ. ಮೊದಲ ಮಜ್ಜಿಗಿ ಕುಡಿ. ಬೈಯೋದು ಎಲ್ಲಿಗೂ ಓಡಿ ಹೋಗಂಗಿಲ್ಲ!"

ಅದು ಪೊಲೀಸ್ ಆಕ್ಷನ್ ಮುಗಿದು ನಿಜಾಮನ ಸರಕಾರ ಹೋಗಿ, ಮಿಲಿಟರಿ ಆಡಳಿತ ಬಂದಿದ್ದ ಕಾಲ. ಚದುರಿಹೋಗಿದ್ದ ಕಂಪನಿಯನ್ನು ಆದೆಪ್ಪ ಮತ್ತೆ ಕೂಡಿಸುತ್ತಿದ್ದ. ಆಡಿದರೆ 'ಮುಕುರಮಾಲಾ ಪರಿಣಯ'ವನ್ನೇ ಆಡಬೇಕು, ಮುಕುರಮಾಲೆ ಆದರೆ ಹಂಪಮ್ಮನೇ ಆಗಬೇಕು. ಆ ಪಾತ್ರಕ್ಕೆ ಮೊದಲ ಸಲ ಬಣ್ಣ ಹಚ್ಚಿದವಳೇ ಅವಳು. ನಾರಾಯಣಪೇಟೆಯ ಮಗ್ಗಗಳ ಮುಂದೆ ಕೂತವರೆಲ್ಲ ಅವಳ ಹಾಡನ್ನೇ ಗುನುಗುತ್ತಿದ್ದರು. ಅದರಲ್ಲೂ ಕಡೆಯ ಹಾಡು...

ಹೊಳೆಯ ದಾಟಿ ಬಾರೋ ದೊರೆಯೇ, ಹೊತ್ತು ಮೂಡುವ ಮೊದಲೇ.

ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಗದ್ದಲದ ಕಾಲದಲ್ಲಿ, ಇದೇ ಅಂಗಳದಲ್ಲಿ, ಗ್ಯಾಸ್‌ಲೈಟಿನ ಬೆಳಕಿನಲ್ಲಿ ಅವಳು ಕಣ್ಣು ಮುಚ್ಚಿ ಅದನ್ನು ಹಾಡುತ್ತಿದ್ದಳು. ತಟ್ಟನೆ ಪೇಟಿ ನಿಂತಿತು. ಕಣ್ಣು ಬಿಟ್ಟು ನೋಡಿದರೆ, ಲಿಂಗಣ್ಣ ಪೇಟಿಗೆ ಮುಚ್ಚಳ ಹಾಕುತ್ತಿದ್ದ!

ಕಂಪನಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಟಿ ಹಾಡುತ್ತಿರುವಾಗಲೇ ಮಾಸ್ತರ್ ಪೇಟಿ ಮುಚ್ಚಿದನೆಂದರೆ, 'ನಿನ್ನ ಕಂಠ ಸಾಕು, ಗಂಟು ಕಟ್ಟು' ಎಂದು ಊರೆದುರು ಹೇಳಿದ ಹಾಗೆ. ಅದಕ್ಕಿಂತ ಕೆನ್ನೆಗೆ ಹೊಡೆಯುವುದು ಮೇಲು.

ಹಾಗೆ ಮಾಡಿದವನು ಯಾರು? "ಈ ಆಟ ಮುಗೀಲಿ ಹಂಪಿ, ನಿಮ್ಮವ್ವನ ಹತ್ರ ಬಂದು ನಿನ್ನ ಕೇಳತೀನಿ" ಎಂದು ಆ ದಿನ ಮಧ್ಯಾಹ್ನವಷ್ಟೇ ಹೇಳಿದ್ದವನು!

ಅವಳು ಕಿರೀಟ, ಪಾತ್ರದ ಸೀರೆ ಎರಡನ್ನೂ ಕಿತ್ತು ಎಸೆದು, ತನ್ನ ಸೀರೆ ಸುತ್ತಿಕೊಂಡು, ಹಿಂದಿನ ಪರದೆಯಿಂದ ಹೊರಬಿದ್ದು, ತಾಯಿಯ ಜೊತೆ ಗಾಡಿ ಹತ್ತಿದ್ದಳು. ಮಕ್ತಲ, ಗದ್ವಾಲ, ತುಂಗಭದ್ರೆ ದಾಟಿ ಕರ್ನೂಲು. ಆ ರಾತ್ರಿಯೇ ರಜಾಕಾರರು ಗಿರಣಿಗೆ ನುಗ್ಗಿ ಪರದೆ, ಬಟ್ಟೆಬರೆ ಸುಟ್ಟರೆಂದು ಆಮೇಲೆ ಕೇಳಿದಳು. 'ಅದು ಬೇರೆ, ಇದು ಬೇರೆ' ಎಂದುಕೊಂಡಳು. ಕಂಪನಿಯ ಯಾರೇ ಸಿಗಲಿ, "ಆ ಮಾಸ್ತರ್ ಹೆಸರು ನನ್ನ ಮುಂದ ಎತ್ತಬ್ಯಾಡ್ರಿ" ಎಂದು ಬಾಯಿ ಕಟ್ಟುತ್ತಿದ್ದಳು.

ಈಗಲೂ ಅವಳದ್ದು ಒಂದೇ ಕರಾರು.

"ಎಲ್ಲಾ ಮಾಡತೀನ್ರಿ ಯಜಮಾನ್ರ. ಕಡೀ ಹಾಡು ಮಾತ್ರ ಆ ಪೇಟಿಗೆ ಹಾಡಂಗಿಲ್ಲ."

"ಹಂಗಂದ್ರ ಹೆಂಗವ್ವಾ? ಊಟಕ್ಕ ಕರದು, ಎಲಿ ಹಾಸಿ, ಅನ್ನ ಇಲ್ಲ ಅಂದಂಗ ಆಗತೈತಿ! ಜನ ನಮ್ಮನ್ನ ಅಲ್ಲೇ ಹುಗೀತಾರ. ಕಂಪನಿ ಇವತ್ತು ನಿಂತ್ರ ನಿಂತೀತು, ಇಲ್ಲಾಂದ್ರ ಮತ್ತ ಏಳಂಗಿಲ್ಲ."

ಅವಳು ಎದ್ದು ತಾಲೀಮಿಗೆ ನಿಂತಳು. ಒಳಗೊಳಗೇ ಕುದಿ. ತಾಲೀಮಿನಲ್ಲಿ ಅವಳು ಮರೆತ ತಿರುವನ್ನು ಅವನ ಬೆರಳು ಮೆಲ್ಲಗೆ ನೆನಪಿಸುತ್ತಿತ್ತು. ಅವಳು ಉಸಿರು ಎಳೆಯುವಲ್ಲಿ ಪೇಟಿಯೂ ಉಸಿರು ಎಳೆಯುತ್ತಿತ್ತು. ಹಾಗಾದಾಗಲೆಲ್ಲ ಅವಳ ಸಿಟ್ಟು ಇಮ್ಮಡಿಯಾಗುತ್ತಿತ್ತು. 'ಇಷ್ಟು ಬಲ್ಲವನು ಅದನ್ನು ಯಾಕೆ ಮಾಡಿದ...?'

ಆಟದ ಹಿಂದಿನ ದಿನ ಸೀರೆ, ಒಡವೆ ನೋಡಿಕೊಳ್ಳುವ ಮುದುಕಿ ಕುರುಮಮ್ಮ ಅವಳಿಗೆ ನಿರಿಗೆ ಹಿಡಿಯುತ್ತಿದ್ದಳು. ಹಂಪಮ್ಮನ ಬಾಯಿ ಸುಮ್ಮನಿರಲಿಲ್ಲ.

"ನೋಡವಾ, ಇವತ್ತೂ ಕಾಲು ಚಾಚಿಕೊಂಡ ಕೂತಾನ ನವಾಬ!"

ಕುರುಮಮ್ಮನ ಕೈ ನಿಂತಿತು.

"ಏ ಬಿಡ್ಡಾ, ಮಗಳ... ನಿನಗ ಯಾರೂ ಹೇಳಿಲ್ಲೇನು? ಅವನ ಮೊಣಕಾಲು ಮಡಚೂದಿಲ್ಲ. ರಜಾಕಾರರು ಬಂದೂಕಿನ ಹಿಂದಿನ ಕಟ್ಟಿಗಿಲೆ ಜಜ್ಜಿದ್ರು. ನಮ್ಮ ಖಾಸಿಂ ಸಾಬ ಹತ್ತಿ ಗಾಡಿಯಾಗ ಮುಚ್ಚಿಕೊಂಡ ಒಯ್ದು, ತನ್ನ ಮನ್ಯಾಗ ಇಟ್ಟಕೊಂಡು ಉಳಿಸಿದ. ಏಳಬೇಕಾದ್ರ ಇಬ್ರು ಹಿಡೀಬೇಕು. ನಿನ್ನ ಮುಂದ ಹಂಗ ಏಳಾಕ ನಾಚಿಕಿ ಅವನಿಗೆ!"

"ಯಾವಾಗ...? ಯಾವಾಗ ಹೊಡದ್ರು?"

"ನೀ ಹೋದ ಗಳಿಗ್ಯಾಗ!"

ಹಂಪಮ್ಮ ಅರ್ಧ ಉಟ್ಟ ಸೀರೆಯಲ್ಲೇ ಸ್ಟೇಜಿಗೆ ಬಂದಳು. ತಾನು ಆ ಹಾಡು ಹಾಡುವ ಜಾಗದಲ್ಲಿ ನಿಂತಳು.

ಹಗಲ ಬೆಳಕಿನಲ್ಲಿ ಈ ಅಂಗಳವನ್ನು ಅವಳು ಇಲ್ಲಿಂದ ಸರಿಯಾಗಿ ನೋಡಿರಲೇ ಇಲ್ಲ! ಗ್ಯಾಸ್‌ಲೈಟು ಕಣ್ಣಿಗೆ ಹೊಡೆಯುವಾಗ ಮೊದಲ ಸಾಲಿನಾಚೆ ಎಲ್ಲ ಕತ್ತಲು. ಈಗ ಕಾಣುತ್ತಿದೆ, ಎದುರಿಗೇ ಗಿರಣಿಯ ದೊಡ್ಡ ದರವಾಜಾ. ಆ ರಾತ್ರಿ ಅದು ಅವಳಿಗೆ ಕಾಣುವಂತಿರಲಿಲ್ಲ. ಸ್ಟೇಜಿನ ಕೆಳಗೆ ಓರೆಯಾಗಿ ಕೂರುವ ಒಬ್ಬನಿಗೆ ಮಾತ್ರ ಕಾಣುತ್ತಿತ್ತು.

ಅವಳು ಸ್ಟೇಜಿನ ಅಂಚಿಗೆ ಬಂದು ಕುಕ್ಕರಿಸಿದಳು.

"ಮಾಸ್ತರ, ಅವತ್ತು ದರವಾಜಾದಾಗ ಏನ್ ಕಂಡ್ರಿ?"

ಲಿಂಗಣ್ಣ ಪೇಟಿಯ ಬಿಳಿ ಕರಿ ಮನೆಗಳ ಮೇಲಿಂದ ಬೆರಳು ತೆಗೆದ.

"ಬಂದೂಕು ಕಂಡೆ. ನಿನ್ನ ಕಡೆ ಬೊಟ್ಟು ಮಾಡಿ ಮಾತಾಡ್ತಿದ್ರು. ನಿನ್ನ ಹೊತ್ತೊಯ್ಯಾಕ ಆಟ ಮುಗಿಯೂತನ ಕಾಯ್ತಿದ್ರು, ಹಂಪಿ."

"ಕೂಗಬೇಕಿತ್ತು!"

"ಕೂಗಿದ್ರ ಇಷ್ಟು ಜನ ಎದ್ದು ಒಬ್ಬರನ್ನೊಬ್ರು ತುಳೀತಿದ್ರು. ಅವ್ರು ಗುಂಡು ಹಾರಸ್ತಿದ್ರು."

"ಕೈಸನ್ನಿ?"

"ನೀ ಕಣ್ಣು ಬಿಟ್ಟರ ಅಲ್ಲ ಕೈಸನ್ನಿ!" ಅವನು ಸಣ್ಣಗೆ ನಕ್ಕ. "ಕೋಸಗಿಯಾಗ ಪರದೆಗೆ ಬೆಂಕಿ ಹತ್ತಿದಾಗ ಏನ್ ಮಾಡಿದ್ದಿ? ಪಲ್ಲವಿ ಮುಗಿಸೇ ಇಳಿದಾಕಿ. ನಿನ್ನ ಹಾಡು ನಿಲ್ಲಸೂದು ಬೆಂಕಿಗೂ ಆಗಲಿಲ್ಲ. ಅವಮಾನ ಒಂದಕ್ಕ ಆಗತೈತಿ ಅಂತ ನನಗ ಗೊತ್ತಿತ್ತು. ಸಿಟ್ಟು ಬಂದ್ರ ನೀ ಒಂದು ಗಳಿಗಿ ನಿಲ್ಲಂಗಿಲ್ಲ. ಅದೂ ಗೊತ್ತಿತ್ತು."

ಅವಳಿಗೆ ಅಳು ಬರಬೇಕಿತ್ತು... ಬಂದದ್ದು ಸಿಟ್ಟು!

"ನನ್ನ ಸಿಟ್ಟನ್ನ ನನ್ನ ಕೇಳದ ಉಪಯೋಗ ಮಾಡಿಕೊಂಡ್ರಿ! ಜೀವ ಉಳಿಸಿದ್ರಿ, ಖರೆ. ಆದ್ರ ಹೊಳಿ ಆಚೆ ಕೂತು, ನನ್ನ ಕಂಠಾನ ಕೆಟ್ಟೈತಿ ಅಂತ ಅತ್ತೀನಿ. ಒಂದು ಮಾತು ಹೇಳಿ ಕಳಸಾಕ ಏನ್ ಧಾಡಿ?"

"ಕಳಿಸಿದ್ದೆ. ಖಾಸಿಂ ಸಾಬ ಕರ್ನೂಲಿಗೆ ಬಂದಿದ್ದ. ನೀ ಅವನ ಬಾಯಾಗ ನನ್ನ ಹೆಸರು ಬರಾಕ ಬಿಡಲಿಲ್ಲಂತ."

ಹೌದು. ಬಂದಿದ್ದ. ಛತ್ರದ ಬಾಗಿಲಲ್ಲಿ ನಿಂತ ಅವನ ಮುಖಕ್ಕೇ ಕದ ಹಾಕಿದ್ದವಳು ಅವಳೇ!

ಹಂಪಮ್ಮ ಎದ್ದು ಹೋದಳು. ಆದೆಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

ಮರುದಿನ ಆಟ. ದೀಪ ಹಚ್ಚಿದ ಮೇಲೆ ಗುಂಪು ಸೇರಬಾರದೆಂದು ಹೊಸ ಹುಕುಂ, ಹಗಲು ಆಟಕ್ಕಷ್ಟೇ ಇಜಾಜತ್ತು. ಬಿಸಿಲಿಗೆ ಬಣ್ಣ ಕರಗುತ್ತಿತ್ತು, ಮೀಸೆ ಕಳಚುತ್ತಿತ್ತು, ಜನ ಮಾತ್ರ ಕದಲಲಿಲ್ಲ. ಬಯಲಿನ ಗದ್ದಲಕ್ಕೆ ಕೈಯಿಂದ ಒತ್ತಿದ ಪೇಟಿ ಕೇಳಿಸುವುದಿಲ್ಲವೆಂದು, ಅದನ್ನು ಮತ್ತೆ ಸ್ಟ್ಯಾಂಡಿಗೆ ಕೂರಿಸಿದ್ದರು. ಲಿಂಗಣ್ಣ ಸ್ಟೂಲಿನ ಮೇಲೆ ಕೂತು ಒಂದೇ ಕಾಲಿನಲ್ಲಿ ಪೆಡಲ್ ತುಳಿಯುತ್ತಿದ್ದ.

ಕಡೆಯ ಅಂಕ. ಹಾಡುತ್ತಾಳೋ... ಇಲ್ಲವೋ?

ಹಂಪಮ್ಮ ಮುಂದೆ ಬಂದಳು. ಈ ಸಲ ಕಣ್ಣು ಮುಚ್ಚಲಿಲ್ಲ.

"ಹೊಳೆಯ ದಾಟಿ..."

ಜನರ ಎದೆಯಿಂದ ಹೋ ಎಂಬ ಉದ್ಗಾರ! ಪಲ್ಲವಿ ಏರಿತು, ಚರಣಕ್ಕೆ ಬಂತು. ಅಂದು ಮುರಿದುಹೋದ ಜಾಗ ಅದೇ. ಅವಳು ಮೇಲಿನ ಸ್ವರ ಹಿಡಿದು ನಿಂತಳು. ಆದರೆ ಪೇಟಿಯ ದನಿ ಕುಗ್ಗುತ್ತಿತ್ತು! ಒಂಟಿ ಕಾಲು ಸೋತಿತ್ತು. ಲಿಂಗಣ್ಣನ ಹಣೆಯಿಂದ ಬೆವರು ಪೇಟಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವನ ಕಣ್ಣಲ್ಲಿ ಹೆದರಿಕೆ. 'ಮತ್ತೊಮ್ಮೆ ಅರ್ಧಕ್ಕೆ ನಿಲ್ಲುತ್ತದೆ... ಮತ್ತೆ ನನ್ನಿಂದಲೇ...'

ಮುಕುರಮಾಲೆ ಸ್ವರ ಬಿಡದೆಯೇ ಸ್ಟೇಜಿನ ಮೆಟ್ಟಿಲು ಇಳಿದಳು.

ಕಿರೀಟ, ಕೈತುಂಬ ಬಳೆ, ಬಿಸಿಲಿಗೆ ಹೊಳೆಯುವ ಜರಿ. ನೇರ ಬಂದು ಪೇಟಿಯ ಪಕ್ಕ ನಿಂತು, ಅವನ ಹೆಗಲ ಮೇಲೆ ಕೈಯೂರಿ, ಗೆಜ್ಜೆ ಕಟ್ಟಿದ ಕಾಲನ್ನು ಖಾಲಿ ಬಿದ್ದಿದ್ದ ಇನ್ನೊಂದು ಪೆಡಲಿನ ಮೇಲೆ ಇಟ್ಟಳು.

ಘಲ್!

ಪೇಟಿಗೆ ಉಸಿರು ಬಂತು. ಅವಳು ತುಳಿದಳು, ಹಾಡಿದಳು. ಅವನು ನುಡಿಸಿದ. ಗೆಜ್ಜೆಯೇ ತಾಳವಾಯಿತು. ಖಾಸಿಂ ಸಾಬ ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ ತಬಲಾ ಬಾರಿಸುತ್ತಲೇ ಅಳುತ್ತಿದ್ದ.

"ಹೊತ್ತು ಮೂಡುವ ಮೊದಲೇ..." ಹಾಡು ಮುಗಿಯಿತು. ಪೂರ್ತಿ ಮುಗಿಯಿತು!

"ವನ್ಸ್ ಮೋರ್! ವನ್ಸ್ ಮೋರ್!" ಗಿರಣಿಯ ತಗಡು ಅದುರಿತು.

ಆ ಕೂಗಾಟದ ನಡುವೆ ಅವಳು ಬಗ್ಗಿ ಅವನ ಕಿವಿಯ ಹತ್ತಿರ ಹೇಳಿದಳು.

"ನಮ್ಮವ್ವ ಮುಂದಿನ ಸಾಲಿನಾಗ ಕೂತಾಳ. ಆಟ ಮುಗಿದ ಮ್ಯಾಲ ಏನೋ ಕೇಳತೀನಿ ಅಂದಿದ್ರಲ್ಲ ಮಾಸ್ತರ?"

"ಕುಂಟ ಅಂತ ಬೈದ್ರ, ಹಂಪಿ?"

"ಒಂದು ಕಾಲು ನಿಮ್ಮದು, ಒಂದು ನನ್ನದು. ಪೇಟಿಗೆ ಎರಡೇ ಸಾಕಲ್ರಿ!" ಎಂದು ನಕ್ಕವಳು ಮರುಗಳಿಗೆ ಗದರಿದಳು. "ಇನ್ನೊಮ್ಮೆ ಮುಚ್ಚಳ ಮುಚ್ಚಿದ್ರ ನೋಡ್ರಿ ಮತ್ತ!"

"ಮುಚ್ಚಾಕ ಎಲ್ಲೈತಿ?"

ಆಗ ಅವಳು ಪೇಟಿಯನ್ನು ಸರಿಯಾಗಿ ನೋಡಿದಳು. ಮುಚ್ಚಳವಿರಲಿಲ್ಲ. ಅದು ಇರಬೇಕಾದಲ್ಲಿ ಮೊಳೆ ಕಿತ್ತ ತೂತುಗಳು. ಧೂಳಿಗೆಂದು ಹೊದಿಸುತ್ತಿದ್ದ ಆ ಚೌಕಳಿ ಬಟ್ಟೆ, ಸುಟ್ಟುಹೋದ ಅವಳ ಮುಕುರಮಾಲೆಯ ಸೀರೆಯಲ್ಲಿ ಉಳಿದ ತುಂಡು.

"ಯಾವಾಗ ಕಿತ್ತಿದ್ರಿ...?" ಅವಳು ತೂತುಗಳನ್ನು ಮುಟ್ಟಿ ನೋಡಿದಳು.

"ಹಾಸಿಗಿಯಿಂದ ಎದ್ದು ಕೂತ ದಿನ. ಮೊದಲ ಮಾಡಿದ ಕೆಲಸ ಅದೇ."

ಹಂಪಮ್ಮ ಅವನ ಹೆಗಲ ಮೇಲಿನ ಕೈ ತೆಗೆಯದೆ ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು.

"ಶ್ರುತಿ ಕೊಡ್ರಿ ಮಾಸ್ತರ. ಜನ ಕಾಯಾಕತ್ತಾರ."