ಪ್ರಶ್ನೆಪತ್ರಿಕೆಯೂ ಮಾಮನ ಪವರ್ ಬ್ಯಾಂಡೂ

“ಬಾಯಿ ಮುಚ್ಚೇ ಅಧಿಕಪ್ರಸಂಗಿ! ಹತ್ತು ವರ್ಷದ ಪಿಳ್ಳೆ ನೀನು. ನನ್ನನ್ನೇ ಸುಳ್ಳುಗಾರ ಅಂತೀಯಾ?”

“ನಾನೆಲ್ಲಿ ಹಾಗಂದೆ ಮಾಮ? ಇನ್ನೊಂದ್ಸಲ ಮಾಡು ಅಂದೆ. ಬ್ಯಾಂಡ್ ಇದೆಯೋ ಇಲ್ವೋ ಅಂತ ನೋಡದೆ ಮಾಡು ಅಂದೆ. ಅಷ್ಟೇ.”

“ಅಷ್ಟೇನಾ? ಕೇಳಿಸ್ಕೊಂಡ್ಯಾ ಅಕ್ಕ, ನಿನ್ನ ಮಗಳ ಮಾತು! ನೋಡದೆ ಮಾಡ್ಬೇಕಂತೆ. ನಾನೇನು ಇಲ್ಲಿ ಕಣ್ಣಾಮುಚ್ಚಾಲೆ ಆಡೋಕೆ ಬಂದಿದೀನಾ?”

ಅಮ್ಮ ಹಿತ್ತಾಳೆ ತಟ್ಟೆ ಉಜ್ಜುವುದನ್ನು ನಿಲ್ಲಿಸಿ ಮಗಳನ್ನು ಕಣ್ಣಲ್ಲೇ ಗದರಿದಳು. ಅಪ್ಪ ಗಂಟಲು ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಅಪ್ಪನನ್ನು ಮೀರಿಸುವವರಿಲ್ಲ. ಮನೆಯಲ್ಲಿ ಎಂಥ ಜಗಳ ನಡೆದರೂ ಅವನ ಕೊಡುಗೆ ಅಷ್ಟೇ.

ಮಾಮ ಎಂದರೆ ಅಮ್ಮನ ತಮ್ಮ. ಭಾನುವಾರ ತಪ್ಪದೆ ಬರುತ್ತಿದ್ದ. ಸುಮ್ಮನೆ ಬರುತ್ತಿರಲಿಲ್ಲ, ಚೀಲದಲ್ಲಿ ಒಂದು ಪವಾಡ ಹಾಕಿಕೊಂಡು ಬರುತ್ತಿದ್ದ. ಮೊದಲು ಕೂದಲು ಬೆಳೆಯುವ ಎಣ್ಣೆ ತಂದ. ಮೂರು ಬಾಟಲಿ ಮುಗಿಯುವ ಹೊತ್ತಿಗೆ ಅಪ್ಪನ ತಲೆ ಕನ್ನಡಿಗೆ ಪೈಪೋಟಿ ಕೊಡುತ್ತಿತ್ತು. ಆಮೇಲೆ ಸೊಳ್ಳೆ ಓಡಿಸುವ ಪುಡಿ ತಂದ. ಸೊಳ್ಳೆಗಳು ಅದನ್ನು ಪೌಡರ್ ಎಂದುಕೊಂಡು ಮುಖಕ್ಕೆ ಬಳಿದುಕೊಂಡು ಬಂದವೋ ಏನೋ, ಅಷ್ಟು ಸಂಭ್ರಮದಿಂದ ಕಚ್ಚಿದವು. ಅದಾದ ಮೇಲೆ ಕರೆಂಟ್ ಉಳಿಸುವ ಡಬ್ಬಿ ಬಂತು. ಗೋಡೆಗೆ ಸಿಕ್ಕಿಸಿದರೆ ಹಸಿರು ದೀಪ ಉರಿಯುತ್ತಿತ್ತು. ಆ ದೀಪ ಉರಿಸುವುದೊಂದೇ ಅದರ ಕೆಲಸ. ಅದಕ್ಕೂ ಕರೆಂಟೇ ಬೇಕಿತ್ತು.

ಹುಡುಗಿ ಪ್ರತಿ ಸಲವೂ “ಯಾಕೆ? ಹೇಗೆ? ಯಾರು ಹೇಳಿದ್ದು?” ಎಂದು ಕೇಳುತ್ತಿದ್ದಳು. ಅದಕ್ಕೇ ಮಾಮ ಅವಳಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟಿದ್ದ. ಪ್ರೀತಿಯಿಂದಲೇ ಇಟ್ಟಿದ್ದ, ಸುಳ್ಳು ಹೇಳಬಾರದು. ಎರಡು ಬೆರಳು ಬಾಯಲ್ಲಿಟ್ಟು ಬೀದಿಯ ಆ ತುದಿಗೆ ಕೇಳುವ ಹಾಗೆ ಶಿಳ್ಳೆ ಹೊಡೆಯಲು ಕಲಿಸಿದವನು ಅವನೇ. ಬಿದ್ದು ಮಂಡಿ ತರಚಿಕೊಂಡಾಗ ಹೆಗಲ ಮೇಲೆ ಹೊತ್ತು ತಂದವನೂ ಅವನೇ.

ಹೋದ ಭಾನುವಾರ ತಂದ ಪವಾಡದ ಹೆಸರು ಪವರ್ ಬ್ಯಾಂಡ್. ಕಪ್ಪು ರಬ್ಬರಿನ ಪಟ್ಟಿ, ಅದರ ಮೇಲೊಂದು ಬೆಳ್ಳಿ ಬಣ್ಣದ ಸ್ಟಿಕ್ಕರ್. ಸ್ಟಿಕ್ಕರಿನಲ್ಲಿ ಇಪ್ಪತ್ತೊಂದು ಖನಿಜ ಇದೆಯಂತೆ, ಎನರ್ಜಿ ಇದೆಯಂತೆ, ವೈಬ್ರೇಶನ್ ಇದೆಯಂತೆ. ಇಲ್ಲದೆ ಇರುವುದು ಯಾವುದು ಎಂದು ಕೇಳಿದ್ದರೆ ಬೇಗ ಮುಗಿಯುತ್ತಿತ್ತು.

“ಇದನ್ನು ಕಟ್ಕೋ ಅಮ್ಮ. ಬಿಪಿ ಅನ್ನೋದು ಹೇಳ್ದೆ ಕೇಳ್ದೆ ಓಡಿಹೋಗುತ್ತೆ. ಆ ದರಿದ್ರ ಮಾತ್ರೆ ನುಂಗೋದು ಬಿಡು” ಎಂದು ಮಾಮ ತನ್ನ ತಾಯಿಯ ಕೈಗೆ, ಅಂದರೆ ಹುಡುಗಿಯ ಅಜ್ಜಿಯ ಕೈಗೆ, ತಾನೇ ಕಟ್ಟಿದ್ದ. ಅಜ್ಜಿಗೆ ಮಗನೆಂದರೆ ಪ್ರಾಣ. ಮಾತ್ರೆ ಡಬ್ಬಿ ಅಂದೇ ಕಪಾಟಿನ ಮೇಲಿನ ಹಲಗೆ ಸೇರಿತು.

ಗುರುವಾರ ಅಜ್ಜಿ ನೀರು ಕುಡಿಯಲು ಎದ್ದವಳು ಗೋಡೆ ಹಿಡಿದುಕೊಂಡಳು. “ಏನಿಲ್ಲ, ಕಣ್ಣು ಕತ್ತಲೆ ಬಂತು” ಅಂದಳು. ಶುಕ್ರವಾರ ಮತ್ತೆ ಹಿಡಿದುಕೊಂಡಳು. “ಹಳೆ ಬಿಪಿ ಹೊರಗೆ ಹೋಗ್ತಾ ಇದೆ, ಅದಕ್ಕೇ ಹಾಗೆ” ಎಂದು ಮಾಮ ಫೋನಿನಲ್ಲಿ ವಿವರಿಸಿದ. ಬಿಪಿ ಏನೋ ಹೊರಗೆ ಹೋಗಲಿ, ಜೊತೆಗೆ ಅಜ್ಜಿಯೂ ಹೋಗಿಬಿಟ್ಟರೆ? ಪ್ರಶ್ನೆಪತ್ರಿಕೆಗೆ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಧೈರ್ಯ ಬರಲಿಲ್ಲ. ಎರಡು ರಾತ್ರಿ ಅಜ್ಜಿಯ ಸೆರಗು ಹಿಡಿದುಕೊಂಡೇ ಮಲಗಿದಳು.

ಈ ಭಾನುವಾರ ಮಾಮ ಚೀಲದ ತುಂಬ ಬ್ಯಾಂಡ್ ತಂದಿದ್ದ. “ನಿಮ್ಮ ಅಂಗಡಿ ಮುಂದೆ ನೇತುಹಾಕಿ ಭಾವ, ಸಂಜೆಯೊಳಗೆ ಖಾಲಿ” ಎಂದ. ಅಪ್ಪನನ್ನು ನಿಲ್ಲಿಸಿ ಕೈ ಪಕ್ಕಕ್ಕೆ ಚಾಚಿಸಿದ. ಬ್ಯಾಂಡ್ ಇಲ್ಲದ ಕೈಯನ್ನು ಒತ್ತಿದ, ಕೈ ದಬಕ್ಕನೆ ಕೆಳಗಿಳಿಯಿತು. ಬ್ಯಾಂಡ್ ಕಟ್ಟಿ ಒತ್ತಿದ, ಕೈ ಕಂಬದ ಹಾಗೆ ನಿಂತಿತು. “ನೋಡಿದ್ರಾ ಪವರ್ರು!” ಆಗಲೇ ಪ್ರಶ್ನೆಪತ್ರಿಕೆ ಬಾಯಿ ತೆರೆದದ್ದು. ಜಗಳ ಶುರುವಾದದ್ದು.

ಜಗಳ ಇನ್ನೂ ಎಲ್ಲಿಗೆ ಮುಟ್ಟುತ್ತಿತ್ತೋ, ಅಷ್ಟರಲ್ಲಿ ತರಕಾರಿಯವಳು ತಕ್ಕಡಿ ಹೊತ್ತುಕೊಂಡು ಬಂದಳು.

ಅಪ್ಪನ ಕೆಲಸ ತಕ್ಕಡಿ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊಕ್ಕೆಗಳಲ್ಲಿ ತಕ್ಕಡಿಗಳು, ಹಲಗೆಯ ಮೇಲೆ ಸಾಲಾಗಿ ತೂಕದ ಬಟ್ಟುಗಳು, ಮೂಲೆಯಲ್ಲೊಂದು ಮರಳಿನ ಡಬ್ಬ.

“ಇದಕ್ಕೇನೂ ಆಗಿಲ್ಲಣ್ಣ, ಸುಮ್ನೆ ಎಣ್ಣೆ ಬಿಟ್ಟುಕೊಡಿ. ಹತ್ತು ವರ್ಷದಿಂದ ಇದ್ರಲ್ಲೇ ತೂಗ್ತಿದೀನಿ” ಎಂದಳು ತರಕಾರಿಯವಳು.

ಅಪ್ಪ ಒಂದು ತಟ್ಟೆಗೆ ಒಂದು ಕಿಲೋ ಬಟ್ಟು ಇಟ್ಟ. ಇನ್ನೊಂದು ತಟ್ಟೆಗೆ ಚೀಲವಿಟ್ಟು, ಮುಳ್ಳು ನೇರ ನಿಲ್ಲುವ ತನಕ ಮರಳು ಸುರಿದ.

“ನೋಡಿ, ನಾನು ಹೇಳ್ಲಿಲ್ವಾ?”

“ತಡೀರಿ” ಎಂದ ಅಪ್ಪ. ಬಟ್ಟು ಇದ್ದ ಕಡೆ ಮರಳು, ಮರಳಿದ್ದ ಕಡೆ ಬಟ್ಟು ಇಟ್ಟು ಅದಲುಬದಲು ಮಾಡಿದ. ಮುಳ್ಳು ಸರ್ರನೆ ಒಂದು ಕಡೆ ವಾಲಿತು.

ತರಕಾರಿಯವಳ ಮುಖ ಇಳಿದುಹೋಯಿತು. “ನನ್ನ ಮೇಲೇ ಅನುಮಾನಾನಾ ಅಣ್ಣ? ನಾನು ಬೇಕಂತ ಯಾರಿಗೂ ಕಡಿಮೆ ತೂಗಿದವಳಲ್ಲ!”

“ನಿಮ್ಮ ಮೇಲೆ ಯಾಕಕ್ಕ ಅನುಮಾನ? ಅನುಮಾನ ತಕ್ಕಡಿ ಮೇಲೆ. ದಂಡ ಬಗ್ಗಿದೆ, ಅಷ್ಟೇ. ಒಂದೇ ಸಲ ನೋಡಿದ್ರೆ ಗೊತ್ತಾಗಲ್ಲ.”

ಅವಳು ಮುಳ್ಳನ್ನು ಬೆರಳಿಂದ ಒಮ್ಮೆ ತಟ್ಟಿ ನೋಡಿದಳು. ಆಮೇಲೆ, “ಹಾಗಾದ್ರೆ ಸರಿಮಾಡಿಡಿ, ನಾಡಿದ್ದು ಬರ್ತೀನಿ” ಎಂದು ಹೋದಳು.

ಇದನ್ನೆಲ್ಲ ಪ್ರಶ್ನೆಪತ್ರಿಕೆ ನೂರು ಸಲ ನೋಡಿದ್ದಳು. ಈ ಸಲ ಮಾತ್ರ ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಊರಿನ ಯಾವ ತಕ್ಕಡಿಯನ್ನೂ ಅದಲುಬದಲು ಮಾಡದೆ ನಂಬದ ಮಹಾಶಯ, ಮನೆಗೆ ಬಂದ ರಬ್ಬರ್ ಪಟ್ಟಿಯನ್ನು ಹಾಗೇ ನಂಬಿ ಕೈ ಚಾಚಿ ನಿಂತಿದ್ದನಲ್ಲ!

ಅವಳು ಮಾಮನ ಎದುರಿಗೆ ಹೋಗಿ ನಿಂತಳು. “ಮಾಮ, ನಿನ್ನ ಮೇಲೆ ಅನುಮಾನ ಇಲ್ಲ. ಅನುಮಾನ ಬ್ಯಾಂಡ್ ಮೇಲೆ.”

ಅಪ್ಪ ಗಂಟಲು ಸರಿಮಾಡಿಕೊಳ್ಳಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. ತನ್ನ ಮಾತು ತನಗೇ ವಾಪಸು ಬಂದರೆ ಗಂಟಲಿಗೆ ಏನು ಕೆಲಸ? “ಮಾಡಪ್ಪ, ಒಂದ್ಸಲ ಮಾಡೇಬಿಡು” ಎಂದ ಮಾಮನಿಗೆ.

“ಒಂದಲ್ಲ, ನೂರು ಸಲ ಮಾಡ್ತೀನಿ ಭಾವ! ನನಗೇನು ಹೆದರಿಕೆ?” ಮಾಮ ಅಂಗಿಯ ತೋಳು ಮಡಚಿದ.

ಪ್ರಶ್ನೆಪತ್ರಿಕೆ ಅಪ್ಪನನ್ನು ಬಾಗಿಲ ಹಿಂದಕ್ಕೆ ಕರೆದುಕೊಂಡು ಹೋದಳು. ಹಳೆಯ ಸೈಕಲ್ ಟ್ಯೂಬಿನಿಂದ ಬ್ಯಾಂಡಿನಷ್ಟೇ ಅಗಲದ ಪಟ್ಟಿ ಕತ್ತರಿಸಿದಳು. ಒಂದು ಸಲ ಬ್ಯಾಂಡ್, ಒಂದು ಸಲ ಟ್ಯೂಬು, ಯಾವುದನ್ನು ಕಟ್ಟಿದರೂ ಮೇಲೊಂದು ಕರ್ಚೀಫು ಸುತ್ತುವುದು. ಯಾವುದಿದೆ ಎಂದು ಅಪ್ಪನಿಗೂ ಗೊತ್ತಾಗಬಾರದು, ಅದಕ್ಕೆ ಅವನು ಕಣ್ಣು ಮುಚ್ಚಿಕೊಳ್ಳಬೇಕು. ಐದು ಸಲ. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ‘ಸರಿ’, ‘ತಪ್ಪು’ ಎಂದು ಎರಡು ಕಾಲಂ ಮಾಡಿಕೊಂಡಳು.

ಮೊದಲ ಸಲ ಮಾಮ ಒತ್ತಿದ. ಅಪ್ಪನ ಕೈ ಅಲ್ಲಾಡಲಿಲ್ಲ. “ಇದೆ! ಬ್ಯಾಂಡ್ ಇದೆ! ಕಲ್ಲಿನ ಹಾಗಿದೆ ನೋಡು ಕೈ!”

ಪ್ರಶ್ನೆಪತ್ರಿಕೆ ಕರ್ಚೀಫು ಬಿಚ್ಚಿದಳು. ಸೈಕಲ್ ಟ್ಯೂಬು, ಪಂಕ್ಚರ್ ಹಾಕಿದ ತೇಪೆಯ ಸಮೇತ.

ಅಮ್ಮನಿಗೆ ನಗು ಬಂತು. ತಡೆದುಕೊಳ್ಳಲು ತಟ್ಟೆಯನ್ನು ಜೋರಾಗಿ ಉಜ್ಜಿದಳು.

ಎರಡನೆಯ ಸಲ ಕೈ ದಬಕ್ಕನೆ ಬಿತ್ತು. “ಇಲ್ಲ” ಎಂದ ಮಾಮ. ಬಿಚ್ಚಿದರೆ ಬ್ಯಾಂಡ್ ಇತ್ತು, ಇಪ್ಪತ್ತೊಂದು ಖನಿಜದೊಂದಿಗೆ. ಮೂರನೆಯದನ್ನು ಸರಿಯಾಗಿ ಹೇಳಿದ. “ಬರ್ಕೋ, ಬರ್ಕೋ!” ಎಂದು ಕುಣಿದ. ಅವಳು ಬರೆದುಕೊಂಡಳು. ನಾಲ್ಕನೆಯದು ತಪ್ಪಾಯಿತು. ಐದನೆಯದು ಸರಿ.

“ಎರಡು ಸರಿ, ಮೂರು ತಪ್ಪು” ಎಂದು ಪ್ರಶ್ನೆಪತ್ರಿಕೆ ಓದಿದಳು. “ನಾಣ್ಯ ಹಾರಿಸಿ ಹೇಳಿದ್ರೂ ಇಷ್ಟೇ ಬರ್ತಿತ್ತೇನೋ.”

ಮಾಮನ ಕಿವಿ ಕೆಂಪಾಯಿತು.

“ನೋಡಿ, ಅನುಮಾನ ಇರೋ ಕಡೆ ಎನರ್ಜಿ ಕೆಲಸ ಮಾಡಲ್ಲ! ಇವಳು ಅನುಮಾನದ ಮೂಟೆ. ಇವಳು ಪಕ್ಕದಲ್ಲಿದ್ರೆ ಬ್ಯಾಂಡ್ ಏನು ಮಾಡುತ್ತೆ ಪಾಪ?”

“ಜ್ವರ ಬಂದಾಗ ನಾನು ಮಾತ್ರೆನ ಬೈಕೊಂಡೇ ನುಂಗಿದ್ದೆ ಮಾಮ. ಆದ್ರೂ ಜ್ವರ ಬಿಡ್ತಲ್ಲ. ಮಾತ್ರೆಗೆ ಬೇಜಾರಾಗ್ಲಿಲ್ಲ.”

ಈ ಸಲ ಅಮ್ಮ ತಟ್ಟೆ ಉಜ್ಜಿದರೂ ನಗು ನಿಲ್ಲಲಿಲ್ಲ. ಅಪ್ಪನೂ ನಕ್ಕುಬಿಟ್ಟ. ನಗದೆ ಕೂತಿದ್ದವಳು ಅಜ್ಜಿ ಒಬ್ಬಳೇ. ಅವಳು ಮಗನನ್ನು ನೋಡುತ್ತಿದ್ದಳು.

“ನಗಿ, ಚೆನ್ನಾಗಿ ನಗಿ!” ಮಾಮ ಬ್ಯಾಂಡುಗಳನ್ನು ಬಾಚಿ ಚೀಲಕ್ಕೆ ತುರುಕಿದ. “ನಾನು ಅಮ್ಮನ ಒಳ್ಳೇದಕ್ಕೆ ತಂದೆ. ನನ್ನ ಹೆತ್ತವಳು ಅವಳು, ಗೊತ್ತಾ? ಈ ಮನೆಯಲ್ಲಿ ನನ್ನ ಮಾತಿಗಿಂತ ಒಂದು ಟ್ಯೂಬಿಗೆ ಬೆಲೆ ಜಾಸ್ತಿ ಅಲ್ವಾ? ಆ ಟ್ಯೂಬನ್ನೇ ತಮ್ಮ ಅಂತ ಕರ್ಕೋ ಅಕ್ಕ. ನಾನಿನ್ನು ಈ ಹೊಸ್ತಿಲು ತುಳಿಯಲ್ಲ!”

“ಕೂತ್ಕೊಳ್ಳೋ, ಚಹಾ ಆಗ್ತಿದೆ” ಎಂದಳು ಅಜ್ಜಿ.

ಮಾಮ ಕೂರಲಿಲ್ಲ. ಬಾಗಿಲು ದಾಟಿದ. ನೇತಾಡುತ್ತಿದ್ದ ತಕ್ಕಡಿಯೊಂದಕ್ಕೆ ಅವನ ಚೀಲ ತಗುಲಿತು. ಅವನು ಬೀದಿಯ ತಿರುವು ದಾಟಿದ ಮೇಲೂ ತಟ್ಟೆಗಳು ಮೇಲೆ ಕೆಳಗೆ ಆಡುತ್ತಲೇ ಇದ್ದವು.

“ಬರ್ತಾನೆ ಬಿಡು” ಎಂದಳು ಅಮ್ಮ. “ಎಣ್ಣೆ ವಿಷಯಕ್ಕೆ ಜಗಳ ಆದಾಗಲೂ ಹೀಗೇ ಹೋಗಿದ್ದ. ಮಾರನೇ ಭಾನುವಾರ ಪುಡಿ ಹಿಡ್ಕೊಂಡು ಬರಲಿಲ್ವಾ?”

ಪ್ರಶ್ನೆಪತ್ರಿಕೆ ಸ್ಟೂಲ್ ಹತ್ತಿ ಕಪಾಟಿನ ಮೇಲಿಂದ ಮಾತ್ರೆ ಡಬ್ಬಿ ಇಳಿಸಿದಳು. ಅಜ್ಜಿ ಕೈ ಚಾಚಿ ಡಬ್ಬಿ ತೆಗೆದುಕೊಂಡಳು. ಒಂದು ಮಾತ್ರೆ ನುಂಗಿದಳು. ಅಪ್ಪ ಅವಳನ್ನು ಆಗಲೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಬಿಪಿ ನೋಡಿದ ನರ್ಸ್ ಅವನಿಗೆ ಬೈದ ಬೈಗುಳಕ್ಕೆ ಉತ್ತರವಾಗಿ ಅಪ್ಪ ಎಷ್ಟು ಸಲ ಗಂಟಲು ಸರಿಮಾಡಿಕೊಂಡನೋ ಲೆಕ್ಕವಿಲ್ಲ.

ಹೇಳಿದ ಹಾಗೆ ಮೂರನೆಯ ದಿನ ತರಕಾರಿಯವಳು ಬಂದಳು. “ಎಲ್ಲಿ, ನನ್ನ ಕಣ್ಣೆದುರಿಗೆ ಇನ್ನೊಂದ್ಸಲ ಅದಲುಬದಲು ಮಾಡು ಮಗಳೇ” ಎಂದಳು. ಪ್ರಶ್ನೆಪತ್ರಿಕೆ ಮಾಡಿ ತೋರಿಸಿದಳು. ಮುಳ್ಳು ಎರಡು ಸಲವೂ ನೇರ ನಿಂತಿತು. ತರಕಾರಿಯವಳು ಖುಷಿಯಿಂದ ತಕ್ಕಡಿ ಹೊತ್ತುಕೊಂಡು ಹೋದಳು.

ಅವಳ ನಗುಮುಖ ನೋಡುತ್ತಿದ್ದ ಹುಡುಗಿಗೆ ಅವಳ ಅವತ್ತಿನ ಮುಖ ನೆನಪಾಯಿತು. ಮುಳ್ಳು ವಾಲಿದಾಗ ಇಳಿದುಹೋದ ಮುಖ. ಆ ಮುಖವನ್ನು ಅದೇ ದಿನ ಇನ್ನೊಂದು ಕಡೆಯೂ ನೋಡಿದ್ದೆನಲ್ಲ ಎನಿಸಿತು. ಕರ್ಚೀಫಿನ ಕೆಳಗಿನಿಂದ ಟ್ಯೂಬು ಹೊರಬಂದಾಗ ಮಾಮನ ಮುಖವೂ ಥೇಟ್ ಹಾಗೇ ಇತ್ತು.

ಅವಳು ಕನ್ನಡಿಯ ಮುಂದೆ ನಿಂತು ಒಂದು ಕೈ ಚಾಚಿ ಇನ್ನೊಂದು ಕೈಯಿಂದ ಒತ್ತಿ ನೋಡಿದಳು. ಮಣಿಕಟ್ಟಿನ ಹತ್ತಿರ ಒತ್ತಿದರೆ ಕೈ ಬೀಳುತ್ತಿತ್ತು. ಮೊಣಕೈ ಹತ್ತಿರ ಒತ್ತಿದರೆ ನಿಲ್ಲುತ್ತಿತ್ತು. ಬೆರಳು ಒಂದು ಗೇಣು ಜರುಗಿದರೆ ಸಾಕಿತ್ತು. ಬ್ಯಾಂಡ್ ಇದೆ ಎಂದುಕೊಂಡಾಗ ಮಾಮನ ಬೆರಳು ತಾನಾಗಿ ಹಾಗೆ ಜರುಗುತ್ತಿತ್ತು, ಅದು ಮಾಮನಿಗೇ ಗೊತ್ತಿರಲಿಲ್ಲ.

ಇದನ್ನು ಅವನಿಗೆ ಹೇಳಬೇಕು ಎಂದುಕೊಂಡಳು. ಭಾನುವಾರ ಬರಲಿ, ಯಾರೂ ನಗದ ಹಾಗೆ ನೋಡಿಕೊಂಡು ಹೇಳಬೇಕು.

ಭಾನುವಾರ ಬಂತು. ಅಮ್ಮ ಎಂದಿನಂತೆ ಐದು ಲೋಟ ಇಟ್ಟಳು. ನಾಲ್ಕರಲ್ಲಿ ಚಹಾ ಖಾಲಿಯಾಯಿತು. ಮಾಮ ಫೋನ್ ಎತ್ತಲಿಲ್ಲ. ಮರು ಭಾನುವಾರವೂ ಬರಲಿಲ್ಲ. ಅದರ ಮರು ಭಾನುವಾರ ಪ್ರಶ್ನೆಪತ್ರಿಕೆ ಬೀದಿಯ ತಿರುವಿಗೆ ಹೋಗಿ, ಎರಡು ಬೆರಳು ಬಾಯಲ್ಲಿಟ್ಟು ಶಿಳ್ಳೆ ಹೊಡೆದಳು. ಯಾರದೋ ನಾಯಿ ಬೊಗಳಿತು, ಅಷ್ಟೇ.

ವಾಪಸು ಬಂದಾಗ ಅಜ್ಜಿ ಗೋಡೆ ಹಿಡಿಯದೆ ನೆಟ್ಟಗೆ ನಡೆದುಬಂದು ಮೇಜಿನ ಹತ್ತಿರ ನಿಂತಿದ್ದಳು. ಪಕ್ಕದಲ್ಲೇ ಅಜ್ಜಿಯ ಸ್ವಂತ ಲೋಟವಿತ್ತು. ಆದರೂ ಅವಳು ಅಮ್ಮ ಅವತ್ತೂ ಇಟ್ಟಿದ್ದ ಐದನೆಯ ಲೋಟವನ್ನು ಎತ್ತಿಕೊಂಡಳು. ಅದಕ್ಕೆ ನೀರು ತುಂಬಿ, ಮಾತ್ರೆ ಬಾಯಿಗೆ ಹಾಕಿಕೊಂಡು, ಬಾಗಿಲ ಕಡೆ ನೋಡುತ್ತ ಕುಡಿದಳು.

ಪ್ರಶ್ನೆಪತ್ರಿಕೆ ಯಾಕೆ ಎಂದು ಕೇಳಲಿಲ್ಲ.